ದಾರದ ಆ ತುದಿ

ಹರಪನಹಳ್ಳಿ
೯ ಸೆಪ್ಟೆಂಬರ್ ೨೦೨೪

ಅಬ್ಬಾ, ಸಲಾಂ.

ಫೋನು ಇರುವಾಗ ಇನ್‌ಲೆಂಡ್ ಲೆಟರ್ ಬಂತೆಂದು ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ಇದು ನನ್ನ ಹೋಂವರ್ಕ್.

ಈ ಸೆಮಿಸ್ಟರಿನಲ್ಲಿ ನಮಗೊಂದು ಹೊಸ ವಿಷಯ ಇಟ್ಟಿದ್ದಾರೆ. ‘ಸಂವಹನ, ಮಾನವಿಕ ಮತ್ತು ಉದ್ಯೋಗ ಅರಿವು’ ಎಂದು ಹೆಸರು. ಟೈಮ್‌ಟೇಬಲ್ಲಿನ ಚೌಕದಲ್ಲಿ ಅಷ್ಟುದ್ದದ ಹೆಸರು ಹಿಡಿಸಲಿಲ್ಲ, ಹುಡುಗರು ಅದಕ್ಕೆ ‘ಮಾತಿನ ಪೀರಿಯಡ್’ ಎಂದು ಹೆಸರಿಟ್ಟಿದ್ದಾರೆ. ಸಿವಿಲ್ ಓದುವವರಿಗೆ ಸಿಮೆಂಟು ಸಾಕು, ಇದೆಲ್ಲ ಯಾಕೆ ಎಂದು ಮೊದಲ ದಿನ ನಾವೆಲ್ಲ ಗೊಣಗಿದೆವು. ಪಾಠ ಮಾಡುವವರು ಗವಿಸಿದ್ದೇಶ್ ಸರ್. ನೀವು ಏನು ಓದುತ್ತಿದ್ದೀರಿ ಅನ್ನುವುದು ಮನೆಯವರಿಗೆ ಗೊತ್ತಾ ಎಂದು ಸರ್ ಕೇಳಿದರು. ಗೊತ್ತು ಅಂದೆವು. ಏನಂತ ಗೊತ್ತು ಅಂದರು. ಎಂಜಿನಿಯರಿಂಗ್ ಅಂತ ಅಂದೆವು. ‘ಅಷ್ಟು ಕಾಲೇಜಿನ ಬೋರ್ಡಿನ ಮ್ಯಾಲೂ ಐತಿ’ ಅಂದರು ಸರ್.

ಅದಕ್ಕೆ ಸರ್ ಒಂದು ನಿಯಮ ಮಾಡಿದ್ದಾರೆ. ಪ್ರತಿ ತಿಂಗಳು ಮನೆಗೆ ಒಂದು ಪತ್ರ, ಕೈಯಲ್ಲೇ ಬರೆದದ್ದು, ಅದಕ್ಕೆ ಪರೀಕ್ಷೆಯ ಹಾಗೆ ನಂಬರ್ ಇದೆ. ಮನೆಯಿಂದ ಬಂದ ಉತ್ತರವನ್ನು ನಾವು ಒಪ್ಪಿದರೆ ಸರ್ ಕ್ಲಾಸಿನಲ್ಲಿ ಓದುತ್ತಾರೆ. ಡಿಸೆಂಬರಿನಲ್ಲಿ ಪ್ರತಿಯೊಬ್ಬರೂ ದುಡಿಯುವವರೊಬ್ಬರನ್ನು ಕಾಲೇಜಿಗೆ ಕರೆತಂದು, ಅವರ ಕೆಲಸದ ಬಗ್ಗೆ ಮಾತಾಡಿಸಬೇಕು. ಕೆಲಸ ಅಂದರೇನು ಎಂದು ಕೆಲಸ ಮಾಡುವವರ ಬಾಯಿಂದಲೇ ಕೇಳಬೇಕು ಅನ್ನುತ್ತಾರೆ ಸರ್. ಯಾರನ್ನು ಕರೆಯುವುದು ಎಂದು ನಾನಿನ್ನೂ ಯೋಚಿಸಿಲ್ಲ.

ಈಗ ಓದಿನ ವಿಷಯ. ಸರ್ವೆ ಅಂದರೆ ನೆಲದ ಏರುತಗ್ಗು ಅಳೆಯುವುದು. ಮೂರು ಕಾಲಿನ ಮೇಲೆ ದುರ್ಬೀನು ಇಟ್ಟು ಒಬ್ಬರು ನೋಡುತ್ತಾರೆ. ಇನ್ನೊಬ್ಬರು ದೂರದಲ್ಲಿ ಅಳತೆಯ ಕೋಲು ಹಿಡಿದು ಅಲುಗಾಡದೆ ನಿಲ್ಲಬೇಕು. ನಮ್ಮ ಜೋಡಿಯಲ್ಲಿ ನೋಡುವವಳು ಕ್ರಾಂತಿ ಅಂತ, ಹಡಗಲಿಯವಳು. ಕೋಲು ಹಿಡಿಯುವವಳು ನಾನು. ಅಮ್ಮಿಗೆ ಸಲಾಂ ಹೇಳಿ.

ನಿಮ್ಮ
ಗುಲಫಶಾ


ಕೊಟ್ಟೂರು
೧೮ ಸೆಪ್ಟೆಂಬರ್ ೨೦೨೪

ಮಗಳು ಫಶಾಗೆ, ಬಸ್ ಸ್ಟ್ಯಾಂಡ್ ಎದುರಿನ ಹುಸೇನ್ ಆರ್ಟ್ಸ್‌ನಿಂದ ಅಬ್ಬಾನ ದುವಾ.

ಪತ್ರ ಬಂತು. ಪೋಸ್ಟ್‌ಮನ್ ಓಬಳೇಶ ಅದನ್ನು ನನ್ನ ಕೈಗೆ ಕೊಟ್ಟು, ‘ಹುಸೇನಣ್ಣ, ಕೋರ್ಟಿಂದೂ ಅಲ್ಲ, ಬ್ಯಾಂಕಿಂದೂ ಅಲ್ಲ, ಕೈಲೆ ಬರ್ದಿದ್ದು ಐತಿ, ಓದ್ರಿ ನೋಡೋಣು’ ಎಂದು ಅಲ್ಲೇ ಸ್ಟೂಲ್ ಎಳೆದು ಕೂತ. ನಾನು ಓದಿ ಮುಗಿಸುವವರೆಗೆ ಊರಿನ ಉಳಿದ ಟಪಾಲೆಲ್ಲ ನಮ್ಮ ಅಂಗಡಿಯಲ್ಲಿತ್ತು.

ಅಕ್ಷರ ದುಂಡಗಿದೆ, ನನ್ನದೇ ಅಕ್ಷರ. ಒಳಗಿನ ಮಾತು ಮಾತ್ರ ನಿಮ್ಮ ಸರ್‌ದು. ನಿನ್ನ ಅಮ್ಮಿ ಪತ್ರದ ಕೊನೆಯ ಸಾಲಿನಲ್ಲಿ ಬಂದಿದ್ದಾಳೆ, ನಾನು ವಿಳಾಸದಲ್ಲಿ ಬಂದಿದ್ದೇನೆ, ನಡುವಿನ ಜಾಗವೆಲ್ಲ ಗವಿಸಿದ್ದೇಶ್ ಸರ್ ಅವರದು. ಒಳ್ಳೆಯದು. ಕಲಿಸುವವರು ಸಿಕ್ಕರೆ ಕಲಿಯಬೇಕು.

ಆದರೆ ಒಂದು ಮಾತು. ನಾನೂ ಕನ್ನಡ ಐಚ್ಛಿಕ ಓದಿ ಬಿ.ಎ. ಮಾಡಿದವನು. ನಿಮ್ಮ ಸರ್ ಬರೆದದ್ದನ್ನು ಪೀರಿಯಡ್ ಮುಗಿದ ಮೇಲೆ ಒರೆಸುತ್ತಾರೆ. ನಾನು ಬರೆದದ್ದು ಟ್ರ್ಯಾಕ್ಟರಿನ ಹಿಂದೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಲ್ಲ ಸುತ್ತಿ ಬರುತ್ತದೆ. ಮೊನ್ನೆ ತೆಲಿಗಿಯ ಒಬ್ಬರ ಟ್ರೇಲರಿಗೆ ಬರೆದೆ:

ಅವಸರ ಇದ್ದರ ಮುಂದ ಹೋಗಪ್ಪ
ಮನಿಯಾಗ ಕಾದಾರ ಅವ್ವ ಅಪ್ಪ

ನಮ್ಮ ನಯಾಜ ಪಕ್ಕದಲ್ಲೇ ಸ್ಟಿಕರ್ ಕತ್ತರಿಸುವ ಮಷಿನ್ ಹಾಕಿದ್ದಾನಲ್ಲ, ಅವನ ಮಷಿನಿಗೆ ಇಂಥದ್ದು ಹೊಳೆಯುವುದಿಲ್ಲ. ಹೊಳೆಯುವುದು ಅವನ ಸ್ಟಿಕರ್ ಮಾತ್ರ. ಗಿರಾಕಿಗಳೂ ಅಲ್ಲೇ ನಿಲ್ಲುತ್ತಾರೆ, ಅದು ಬೇರೆ ವಿಷಯ. ನಿಮ್ಮ ಸರ್ ಬಗ್ಗೆಯೂ ಒಂದು ಹೊಳೆಯಿತು. ಯಾವ ವಾಹನಕ್ಕೂ ಹೊಂದುವುದಿಲ್ಲ ಎಂದು ನಿನಗೆ ಕಳಿಸುತ್ತಿದ್ದೇನೆ:

ಸರ್ ಮಾತು ಸಕ್ಕರಿ
ಅಬ್ಬಾನ ಮಾತು ಚಕ್ಕಡಿ
ಸಕ್ಕರಿ ಕರಗಿ ಹೋಗತೈತಿ
ಚಕ್ಕಡಿ ಮನಿಗೆ ಬರತೈತಿ

ಕೋಲು ಹಿಡಿಯುವವಳು ನೀನೇ ಎಂದು ಓದಿ ನಗು ಬಂತು. ಬೋರ್ಡಿನ ಮೇಲೆ ಚಾಕ್ ಪುಡಿ ಸವರಿದ ದಾರ ಎಳೆದು, ನಡುವೆ ಎತ್ತಿ ಬಿಟ್ಟರೆ ಟಪ್ ಎಂದು ನೇರ ಗೆರೆ ಬೀಳುತ್ತದಲ್ಲ, ಆ ದಾರದ ಈ ತುದಿ ನಾನು, ಆ ತುದಿ ನೀನು. ಸ್ಟೂಲ್ ಹತ್ತಿದರೂ ಎಟುಕದ ಕಾಲದಿಂದ ಹಿಡಿದವಳು ನೀನು. ನೀನು ಹಾಸ್ಟೆಲಿಗೆ ಹೋದ ಮೇಲೆ ಆ ತುದಿಗೆ ಗೋಡೆಯಲ್ಲೊಂದು ಮೊಳೆ ಹೊಡೆದಿದ್ದೇನೆ. ಮೊಳೆ ಒಳ್ಳೆಯದೇ. ಕೈ ನೋಯುತ್ತದೆ ಅನ್ನುವುದಿಲ್ಲ, ಬಿಸ್ಕತ್ತು ಕೇಳುವುದಿಲ್ಲ.

ಡಿಸೆಂಬರಿನಲ್ಲಿ ಯಾರನ್ನೋ ಕರೆಯಬೇಕು ಅಂದೆಯಲ್ಲ. ದೊಡ್ಡವರನ್ನೇ ಕರೆಯಿರಿ. ನನಗಂತೂ ಡಿಸೆಂಬರಿನಲ್ಲಿ ಬಿಡುವಿರುವುದಿಲ್ಲ. ಶನಿವಾರಗಳು ಮಾತ್ರ ಖಾಲಿ.

ನಿನ್ನ ಅಬ್ಬಾ
ಗುಲಾಮಹುಸೇನ, ಬಿ.ಎ.


ಹರಪನಹಳ್ಳಿ
೭ ಅಕ್ಟೋಬರ್ ೨೦೨೪

ಅಬ್ಬಾ, ಸಲಾಂ.

ನಿಮ್ಮ ಪತ್ರವನ್ನು ಸರ್ ಓದಿದರು. ಸಕ್ಕರೆ ಚಕ್ಕಡಿ ಬಂದಾಗ ನಾನು ತಲೆ ಬಗ್ಗಿಸಿ ಬೆಂಚಿನ ಕೆಳಗೆ ಹೋಗುವುದೊಂದು ಬಾಕಿ. ಎಲ್ಲರಿಗಿಂತ ಜೋರಾಗಿ ನಕ್ಕವರು ಸರ್ ಅವರೇ. ಆ ನಾಲ್ಕು ಸಾಲನ್ನು ಬೋರ್ಡಿನ ಮೇಲೆ ಬರೆದು, ಇದರಿಂದ ಒಂದು ಪದ ತೆಗೆಯಿರಿ ನೋಡೋಣ ಅಂದರು. ಯಾರಿಂದಲೂ ಆಗಲಿಲ್ಲ. ‘ನಿಮ್ಮ ತಂದಿ ಹತ್ರ ನಾನು ಒಂದು ವಾರ ಬಂದು ಕೂಡಬೇಕವ್ವ’ ಅಂದರು.

ಈಗ ಇಡೀ ಕ್ಲಾಸು ನಿಮ್ಮನ್ನು ಅಬ್ಬಾ ಅನ್ನುತ್ತದೆ. ಕಾರಿಡಾರಿನಲ್ಲಿ ಸಿಕ್ಕವರೆಲ್ಲ ‘ಅಬ್ಬಾದು ಲೆಟರ್ ಬಂತಾ?’ ಎಂದು ಕೇಳುತ್ತಾರೆ. ನಾನು ಹೇಗಿದ್ದೇನೆ ಎಂದು ಯಾರೂ ಕೇಳುವುದಿಲ್ಲ. ಕ್ರಾಂತಿ ನಿಮ್ಮ ಪ್ರಾಸಗಳನ್ನು ತನ್ನ ಸರ್ವೆ ಪುಸ್ತಕದ ರಟ್ಟಿನ ಒಳಗೆ ಬರೆದುಕೊಂಡಿದ್ದಾಳೆ. ಅವಳಿಗೆ ಮನೆಯಿಂದ ಉತ್ತರ ಬರುವುದಿಲ್ಲ. ಅವಳಪ್ಪ ಅವಳು ಸಣ್ಣವಳಿದ್ದಾಗಲೇ ತೀರಿಕೊಂಡರು. ಅವಳವ್ವ ಕೊಟ್ರಮ್ಮ ಹಡಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಾರೆ, ಓದಲು ಬರುವುದಿಲ್ಲ. ಕ್ರಾಂತಿ ಪತ್ರ ಬರೆದು ಅಂಚೆಗೆ ಹಾಕಿ, ಭಾನುವಾರ ಊರಿಗೆ ಹೋಗಿ ಅದನ್ನು ತಾನೇ ಒಡೆದು ಅವರಿಗೆ ಓದಿ ಹೇಳುತ್ತಾಳೆ.

ಒಂದು ವಿಷಯ ಕೇಳಬೇಕಿತ್ತು. ಸಿವಿಲ್‌ನಲ್ಲಿ ಕೆಲಸ ಸಿಗುವುದಿಲ್ಲ, ಅದರ ಜೊತೆ ಕಂಪ್ಯೂಟರ್ ಕೋರ್ಸು ಮಾಡಿಕೊಂಡು ಆ ಕಡೆ ಹೋಗಬೇಕು ಎಂದು ಹಾಸ್ಟೆಲಿನಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಅರ್ಧ ಕ್ಲಾಸು ಹೆಸರು ಕೊಟ್ಟಾಗಿದೆ. ಡಿಸೆಂಬರ್ ಕೊನೆಯೊಳಗೆ ನಾನೂ ಹೇಳಬೇಕು. ಅಬ್ಬಾ, ನನಗೆ ಸರ್ವೆ ಇಷ್ಟ. ಹೊರಗೆ ನಿಂತು ಮಾಡುವ ಕೆಲಸ ಇಷ್ಟ. ಇಷ್ಟ ಅನ್ನುವುದು ಸಾಕಾ? ಹುಡುಗಿ ಬಿಸಿಲಲ್ಲಿ ಕೋಲು ಹಿಡಿದು ನಿಂತರೆ ಕೊಟ್ಟೂರಿನಲ್ಲಿ ಏನಂತಾರೆ? ಇದನ್ನು ನಾನು ಸರ್‌ಗೆ ಕೇಳಿಲ್ಲ. ನಿಮಗೇ ಕೇಳುತ್ತಿದ್ದೇನೆ.

ನಿಮ್ಮ
ಫಶಾ


ಕೊಟ್ಟೂರು
೧೬ ಅಕ್ಟೋಬರ್ ೨೦೨೪

ಮಗಳು ಫಶಾಗೆ, ಹಾಗೂ ಈ ಪತ್ರವನ್ನು ಕೇಳಿಸಿಕೊಳ್ಳುತ್ತಿರುವ ಸಮಸ್ತ ಭಾವೀ ಎಂಜಿನಿಯರುಗಳಿಗೆ, ಕೊಟ್ಟೂರಿನ ಅಬ್ಬಾನ ಸಲಾಂ. ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿರುವವರಿಗೆ ಎರಡು ಸಲಾಂ.

ಮಾನ್ಯ ಗವಿಸಿದ್ದೇಶ್ ಸರ್ ನನ್ನ ಹತ್ತಿರ ಒಂದು ವಾರ ಬಂದು ಕೂರಬೇಕು ಅಂದರಂತೆ. ಬರಲಿ. ಅಂಗಡಿಯಲ್ಲಿ ಇರುವುದು ಒಂದೇ ಸ್ಟೂಲ್. ಅದರ ಮೇಲೆ ಓಬಳೇಶ ಕೂತಿರುತ್ತಾನೆ. ಸರ್ ಅವರಿಗೆ ಪೇಂಟ್ ಡಬ್ಬಿ ಬೋರಲು ಹಾಕಿ ಕೊಡುತ್ತೇನೆ. ಡಬ್ಬಿಯ ಮೇಲೆ ಕೂತವರು ಬೇಗ ಕಲಿಯುತ್ತಾರೆ.

ನಿಮಗೆಲ್ಲ ಒಂದು ಹೊಸದು:

ಸಿಮೆಂಟಿಗೆ ಬೇಕು ನೀರು
ಸೇತುವೆಗೆ ಬೇಕು ಊರು
ಮಾತು ಕಲಿಯದ ಎಂಜಿನಿಯರು
ಮನಿಗೆ ಬಂದು ಕೇಳ್ತಾರ: ನೀವ್ಯಾರು?

ಬೋರ್ಡು ಬರೆಯುವ ಕೆಲಸದಲ್ಲಿ ಹೊಸಬರು ಮಾಡುವ ತಪ್ಪೊಂದಿದೆ, ಕೇಳಿ. ಇರುವ ಜಾಗವನ್ನು ಅಳೆಯದೆ ಉಮೇದಿನಲ್ಲಿ ಮೊದಲ ಅಕ್ಷರಗಳನ್ನು ಆಳೆತ್ತರ ಬರೆದುಬಿಡುತ್ತಾರೆ. ಹೋಗುತ್ತ ಹೋಗುತ್ತ ಜಾಗ ಸಾಲದೆ ಕೊನೆಯ ಅಕ್ಷರಗಳು ಒಂದರ ಮೈಮೇಲೆ ಒಂದು ಬಿದ್ದಿರುತ್ತವೆ. ಇಲ್ಲೊಬ್ಬ ‘ಅನ್ನಪೂರ್ಣ ಖಾನಾವಳಿ’ ಎಂದು ಬರೆಯಲು ಹೋಗಿ, ‘ಅನ್ನಪೂರ್ಣ’ವೇ ಗೋಡೆಯನ್ನೆಲ್ಲ ಉಂಡು, ‘ಖಾನಾವಳಿ’ಯನ್ನು ಪಕ್ಕದ ಕ್ಷೌರದಂಗಡಿಯ ಗೋಡೆಯ ಮೇಲೆ ಬರೆದ. ಊಟಕ್ಕೆ ಬಂದವರು ಹಜಾಮತಿ ಮಾಡಿಸಿಕೊಂಡು ಹೋಗುತ್ತಿದ್ದರು. ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ತಪ್ಪು ಮಾಡಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ನಿಮ್ಮ ಸರ್ ಬೋರ್ಡಿನ ಮೇಲೆ ಹೇಗೆ ಬರೆಯುತ್ತಾರೆ ಎಂದು ನೀವೇ ನೋಡಿ, ನಾನು ಹೇಳುವುದಿಲ್ಲ.

ಕ್ರಾಂತಿಗೆ ವಿಶೇಷ ಸಲಾಂ. ಬೇಕಾದಷ್ಟು ಬರೆದುಕೊಳ್ಳಮ್ಮ, ಪ್ರಾಸಕ್ಕೆ ಹಕ್ಕುಪತ್ರ ಇಲ್ಲ.

ಫಶಾ, ಜಾಗ ಮುಗಿಯಿತು. ನೀನು ಕೇಳಿದ್ದಕ್ಕೆ ಉತ್ತರವನ್ನು ಮಡಿಸುವ ಅಂಚಿನ ಮೇಲೆ ಬರೆದಿದ್ದೇನೆ, ನೋಡು.

ಎಲ್ಲರ ಅಬ್ಬಾ
ಗುಲಾಮಹುಸೇನ, ಬಿ.ಎ.


ಹರಪನಹಳ್ಳಿ
೪ ನವೆಂಬರ್ ೨೦೨೪

ಅಬ್ಬಾ, ಸಲಾಂ.

ಸರ್ ಪತ್ರ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಖಾನಾವಳಿಯ ಭಾಗವನ್ನು ಎರಡು ಸಲ ಓದಿಸಿದರು. ನೀವು ಕ್ಲಾಸಿಗೆ ಬರೆದದ್ದು ಕ್ಲಾಸಿಗೆ ಚೆನ್ನಾಗಿ ತಲುಪಿತು.

ಇಲ್ಲಿ ಟೆಸ್ಟುಗಳು ನಡೆಯುತ್ತಿವೆ. ಕಂಪ್ಯೂಟರ್ ಕೋರ್ಸಿನ ವಿಷಯ ಸರ್ ಹತ್ತಿರ ಮಾತಾಡಬೇಕು ಅಂದುಕೊಂಡಿದ್ದೇನೆ. ಅವರು ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ.

ಈ ತಿಂಗಳು ಬರೆಯಲು ಹೆಚ್ಚೇನೂ ಇಲ್ಲ. ಇಷ್ಟಕ್ಕೇ ನಂಬರ್ ಕೊಡುತ್ತಾರೆ.

ಗುಲಫಶಾ


ಹರಪನಹಳ್ಳಿ
೨೫ ನವೆಂಬರ್ ೨೦೨೪

ಅಬ್ಬಾ ಅವರಿಗೆ ಕ್ರಾಂತಿಯ ನಮಸ್ಕಾರಗಳು.

ನಾನು ಫಶಾಳ ಗೆಳತಿ, ದುರ್ಬೀನಿನಲ್ಲಿ ನೋಡುವವಳು. ನಿಮ್ಮನ್ನು ಹಾಗೆ ಕರೆದದ್ದಕ್ಕೆ ತಪ್ಪು ತಿಳಿಯಬೇಡಿ, ಬಾಯಿಗೆ ರೂಢಿಯಾಗಿದೆ. ಹದಿನಾಲ್ಕನೇ ತಾರೀಕು ಶನಿವಾರ ನಮ್ಮ ಉದ್ಯೋಗದ ದಿನ. ಎಲ್ಲರೂ ಒಬ್ಬೊಬ್ಬರನ್ನು ಕರೆಯುತ್ತಿದ್ದಾರೆ. ಅವ್ವನನ್ನು ಕೇಳಿದೆ. ‘ಶನಿವಾರ ಹೂವಿಗೆ ಗಿರಾಕಿ ಹೆಚ್ಚು, ಅಲ್ಲಿ ಬಂದು ನಿಂತ್ರ ಇಲ್ಲಿ ಕಟ್ಟೋರು ಯಾರು?’ ಅಂದಳು. ನನಗೆ ಕರೆಯಲು ಬೇರೆ ಯಾರೂ ಇಲ್ಲ.

ನೀವು ಬರುತ್ತೀರಾ? ಫಶಾಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವಳು ‘ಕರಿ, ಹೆಂಗೂ ಎಲ್ಲಾರಿಗೂ ಅಬ್ಬಾನ ಅಲ್ಲೇನು’ ಅಂದಳು. ಬಂದರೆ ನನಗೆ ಬಹಳ ಸಂತೋಷ.

ಇಂತಿ ವಿನಯಪೂರ್ವಕ
ಕ್ರಾಂತಿ


ಕೊಟ್ಟೂರು
೫ ಡಿಸೆಂಬರ್ ೨೦೨೪

ಫಶಾಗೆ ದುವಾ.

ಕ್ರಾಂತಿಯ ಪತ್ರ ಬಂತು. ಬರುತ್ತೇನೆ ಎಂದು ಅವಳಿಗೆ ಬರೆದಿದ್ದೇನೆ. ಒಳ್ಳೆಯ ಹುಡುಗಿ. ಕರೆಯಬೇಕು ಅನಿಸಿತು, ಕರೆದಳು. ಅಷ್ಟು ಸರಳ.

ನೀನು ಯಾರನ್ನು ಕರೆದಿದ್ದೀಯ ಎಂದು ನಾನು ಕೇಳುವುದಿಲ್ಲ ಎಂದು ನಿರ್ಧಾರ ಮಾಡಿದ್ದೆ. ಬ್ಯಾಂಕ್ ಮ್ಯಾನೇಜರ್ ಇರಬಹುದು, ಕಂಟ್ರ್ಯಾಕ್ಟರ್ ಇರಬಹುದು ಎಂದು ಸಮಾಧಾನ ಮಾಡಿಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ, ಊರಿನ ಸೀರೆಗಳಿಗೆಲ್ಲ ಫಾಲ್ ಹೊಲಿಯುವ ನಿನ್ನ ಅಮ್ಮಿ ತನ್ನ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಮದುವೆಯ ಸೀರೆ. ಯಾರ ಮದುವೆ ಅಂದೆ. ನಮ್ಮ ಮನೆಮಾತಿನಲ್ಲಿ ನಡೆದದ್ದನ್ನು ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ, ಅವಳ ಧಾಟಿ ಮಾತ್ರ ಕನ್ನಡಕ್ಕೆ ಇಳಿಯುವುದಿಲ್ಲ.

‘ಮದುವಿ ಅಲ್ಲ, ಹರಪನಹಳ್ಳಿಗೆ ಹೊಂಟೀನಿ. ಫಶಾ ಕರದಾಳ, ಹೊಲಿಗಿ ಬಗ್ಗೆ ಮಾತಾಡಬೇಕಂತ.’

ಯಾವಾಗ ಕರೆದಳು ಅಂದೆ. ಹೋದ ತಿಂಗಳೇ ಫೋನಿನಲ್ಲಿ ಅಂದಳು. ನನಗೆ ಯಾಕೆ ಹೇಳಲಿಲ್ಲ ಅಂದೆ.

‘ನೀವು ಪತ್ರದೋರು, ನಾವು ಫೋನಿನೋರು’ ಅಂದು ಸೀರೆ ಮಗುಚಿ ಹಾಕಿದಳು.

ನಾನು ಊಟ ಮಾಡಿದೆ. ಸಾರಿಗೆ ಉಪ್ಪಿತ್ತೋ ಇಲ್ಲವೋ ಗೊತ್ತಿಲ್ಲ. ಅವಳು ಚೆನ್ನಾಗಿ ಮಾತಾಡಲಿ. ಇಷ್ಟು ವರ್ಷ ನನ್ನೆದುರು ಅಭ್ಯಾಸ ಮಾಡಿದ್ದಾಳೆ. ನೀನು ಅಮ್ಮಿಯನ್ನು ಕರೆದದ್ದಕ್ಕೆ ನನಗೇನೂ ಅನಿಸಿಲ್ಲ. ಅನಿಸಿದ್ದರೆ ಒಂದು ಪ್ರಾಸ ಹುಟ್ಟುತ್ತಿತ್ತು, ಹುಟ್ಟಿಲ್ಲ.

ಕೋರ್ಸಿನ ವಿಷಯ ಸರ್ ಹತ್ತಿರ ಮಾತಾಡುತ್ತೇನೆ ಅಂದೆಯಲ್ಲ, ಮಾತಾಡು. ನನಗೆ ತಿಳಿದದ್ದನ್ನು ನಾನು ಅಕ್ಟೋಬರಿನಲ್ಲೇ ಬರೆದಿದ್ದೇನೆ. ನಿನಗದು ಸಾಲದಾಯಿತು, ಸರ್ ಬೇಕಾದರು. ಹೇಳಿದ್ದನ್ನೇ ಮತ್ತೆ ಹೇಳಿ ಪಾಠ ಮಾಡಲು ನಾನು ಯಾವ ಕಾಲೇಜಿನಲ್ಲೂ ಸಂಬಳ ತೆಗೆದುಕೊಳ್ಳುತ್ತಿಲ್ಲ.

ನಾನೂ ನಿನ್ನ ಅಮ್ಮಿಯೂ ಒಂದೇ ಬಸ್ಸಿಗೆ ಬರುತ್ತೇವೆ. ಅವಳು ನಿನ್ನ ಅತಿಥಿ, ನಾನು ಕ್ರಾಂತಿಯ ಅತಿಥಿ. ಟಿಕೆಟ್ ಬೇರೆ ಬೇರೆ ತೆಗೆಸಬೇಕೇನೋ.

ಗುಲಾಮಹುಸೇನ


ಹರಪನಹಳ್ಳಿ
೧೬ ಡಿಸೆಂಬರ್ ೨೦೨೪

ಅಬ್ಬಾ,

ಈ ಪತ್ರಕ್ಕೆ ನಂಬರ್ ಇಲ್ಲ. ಸೆಮಿಸ್ಟರಿನ ಪತ್ರಗಳೆಲ್ಲ ಮುಗಿದವು. ಶನಿವಾರ ನೀವು ಬಸ್ಸು ಹತ್ತುವಾಗ ನನ್ನ ಜೊತೆ ಮಾತಾಡಲಿಲ್ಲ, ನಾನೂ ಆಡಲಿಲ್ಲ, ಅಮ್ಮಿಯೊಬ್ಬಳೇ ಇಬ್ಬರ ಪರವಾಗಿ ಮಾತಾಡಿದಳು. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಅಕ್ಟೋಬರಿನ ಪತ್ರದ್ದು ಹೇಳಿಬಿಡುತ್ತೇನೆ. ನೀವು ನನ್ನ ಪ್ರಶ್ನೆಗೆ ಉತ್ತರವನ್ನು ಬರೆದದ್ದು ಇನ್‌ಲೆಂಡಿನ ಮಡಿಸುವ ಅಂಚಿನ ಮೇಲೆ. ಅದರ ಮೇಲೆಯೇ ಗೋಂದು ಹಚ್ಚಿದ್ದಿರಿ. ಎಷ್ಟು ಹುಷಾರಾಗಿ ಬಿಡಿಸಿದರೂ ಅಂಚು ಹರಿಯಿತು, ಅಕ್ಷರವೆಲ್ಲ ಗೋಂದಿಗೆ ಅಂಟಿಕೊಂಡು ಹೋಯಿತು. ‘ಬಿಸಿಲು’ ಅನ್ನುವ ಒಂದು ಪದ ಉಳಿದಿತ್ತು, ಅದರ ಹಿಂದೆ ಮುಂದೆ ಏನಿತ್ತೋ ಗೊತ್ತಿಲ್ಲ. ಬಿಸಿಲಲ್ಲಿ ನಿಲ್ಲು ಅಂದಿರೋ, ನಿಲ್ಲಬೇಡ ಅಂದಿರೋ. ಕ್ಲಾಸಿಗೆ ಇಡೀ ಹಾಳೆ ಕೊಟ್ಟಿರಿ. ನನಗೆ ಗೋಂದು ಹಚ್ಚುವ ಜಾಗ ಕೊಟ್ಟಿರಿ. ಫೋನು ಮಾಡಿ ಕೇಳಬಹುದಿತ್ತು. ಮನಸ್ಸು ಬರಲಿಲ್ಲ. ನಾನು ಕೇಳದೆಯೇ ನಿಮಗೆ ತಿಳಿಯಬೇಕು ಅನಿಸಿತು.

ಸರ್ ಹತ್ತಿರ ಮಾತಾಡುತ್ತೇನೆ ಎಂದು ಬರೆದದ್ದು ನಿಮಗೆ ಉರಿಯಲಿ ಎಂದೇ. ನಾನು ಮಾತಾಡಲೇ ಇಲ್ಲ.

ನಿಮ್ಮನ್ನು ಕರೆಯಲಿಲ್ಲ ಯಾಕೆ ಅಂದರೆ, ಅಷ್ಟು ಹೊತ್ತಿಗೆ ನೀವು ಎಲ್ಲರಿಗೂ ಸೇರಿಬಿಟ್ಟಿದ್ದಿರಿ. ಅಮ್ಮಿ ಇನ್ನೂ ನನ್ನೊಬ್ಬಳವಳೇ ಇದ್ದಳು. ಆದರೆ ಕ್ರಾಂತಿ ಬಂದು, ನಿಮ್ಮನ್ನು ಕರೆಯಲಾ ಎಂದು ಕೇಳಿದಾಗ ಬೇಡ ಅನ್ನಬೇಕು ಅನಿಸಿತು. ಅಪ್ಪ ಇಲ್ಲದವಳು ಕೇಳುತ್ತಿದ್ದಾಳೆ, ಬೇಡ ಅನ್ನುವುದು ಹೇಗೆ? ಕರಿ ಅಂದೆ. ಅಂದ ಮೇಲೆ ಒಂದು ವಾರ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಸರ್ವೆಯಲ್ಲಿ ಕೋಲನ್ನು ಬೇಕೆಂದೇ ವಾಲಿಸಿದೆ. ಪಾಪ, ದುರ್ಬೀನು ಕೆಟ್ಟಿದೆ ಅಂದುಕೊಂಡು ಅವಳು ಅದನ್ನು ಒರೆಸಿ ಒರೆಸಿ ನೋಡಿದಳು.

ಶನಿವಾರದ ಬಗ್ಗೆ ನಿಮಗೆ ಬೇಜಾರಿದೆ ಎಂದು ಗೊತ್ತು. ಅಮ್ಮಿಯ ಮಾತಿಗೆ ಎಲ್ಲರೂ ನಕ್ಕರು. ಈ ಕೆಲಸದಲ್ಲಿ ಕಷ್ಟದ್ದು ಯಾವುದು ಎಂದು ಸರ್ ಕೇಳಿದಾಗ, ‘ಮದುವಿ ದಿನ ಮುಂಜಾನೆ ಸೀರಿ ತರೋರ ಜೊತಿ ನಗುನಗುತಾ ಮಾತಾಡೋದು’ ಅಂದಳಲ್ಲ, ಅದಕ್ಕೆ. ನಿಮ್ಮ ಸರದಿ ಬಂದಾಗ ನೀವು ‘ಅವಸರ ಇದ್ದರ’ ಎಂದು ಶುರು ಮಾಡಿದಿರಿ. ಉಳಿದದ್ದನ್ನು ಕ್ಲಾಸೇ ಹೇಳಿ ಮುಗಿಸಿತು. ‘ಸಿಮೆಂಟಿಗೆ’ ಅಂದಿರಿ, ಅದನ್ನೂ ಅವರೇ ಮುಗಿಸಿದರು. ನೀವು ಬರೆದು ತಂದ ಚೀಟಿ ನೋಡಿದಿರಿ, ಜೇಬಿಗೆ ಇಟ್ಟಿರಿ. ತಂದದ್ದೆಲ್ಲ ನಿಮಗಿಂತ ಮೊದಲೇ ನಮ್ಮ ಕಾಲೇಜಿಗೆ ಬಂದು ಕೂತಿತ್ತು. ಸರ್ ಕುರ್ಚಿ ಎಳೆದು ಕೊಟ್ಟಾಗ ನೀವು ಅವರ ಮುಖ ನೋಡಿದ್ದನ್ನು ನಾನು ಕೊನೆಯ ಬೆಂಚಿನಿಂದ ನೋಡಿದೆ. ನನಗೆ ಎದ್ದು ಹೊರಗೆ ಹೋಗಬೇಕು ಅನಿಸಿತು.

ಆಮೇಲೆ ನೀವು ಚೀಲದಿಂದ ದಾರದ ಉಂಡೆ ತೆಗೆದಿರಿ. ‘ಬರದು ತೋರಿಸ್ತೀನಿ, ಯಾರರ ಒಬ್ರು ಆ ತುದಿ ಹಿಡೀರಿ’ ಅಂದಿರಿ. ನಾನು ಅರ್ಧ ಎದ್ದಿದ್ದೆ, ಅಬ್ಬಾ. ಕ್ರಾಂತಿ ಮುಂದಿನ ಬೆಂಚಿನಲ್ಲಿದ್ದಳು, ನಿಮ್ಮನ್ನು ಕರೆದವಳು ಅವಳು. ಹೋಗಿ ಹಿಡಿದೇಬಿಟ್ಟಳು. ನಾನು ಕೂತೆ. ಅವಳ ಕೈ ಬೋರ್ಡಿಗೆ ತಾಗಿದಾಗ, ಅದು ನನ್ನದು ಬಿಡು ಎಂದು ಕೂಗಬೇಕು ಅನಿಸಿತು. ಇಷ್ಟು ದೊಡ್ಡವಳಾಗಿ ಒಂದು ದಾರಕ್ಕೆ.

ಆಮೇಲೆ ಆದದ್ದು ನಿಮಗೆ ಗೊತ್ತಿಲ್ಲ. ನೀವು ಬೋರ್ಡಿಗೆ ಮುಖ ಮಾಡಿದ್ದಿರಿ. ದಾರವನ್ನು ನಡುವೆ ಎತ್ತಿದಿರಿ, ಬಿಡುವ ಮೊದಲು ತಿರುಗದೆಯೇ ಅಂದಿರಿ:

‘ಫಶಾ, ಬಿಗಿ ಹಿಡಿ.’

ಕ್ಲಾಸು ನಗಲಿಲ್ಲ. ಸರ್ ನನ್ನ ಕಡೆ ನೋಡಿದರು, ಆಮೇಲೆ ಕಿಟಕಿಯ ಕಡೆ ನೋಡಿದರು. ಕ್ರಾಂತಿ ತಾನು ಫಶಾ ಅಲ್ಲ ಅನ್ನಲಿಲ್ಲ. ಬಿಗಿ ಹಿಡಿದಳು. ನಾನು ಕೊನೆಯ ಬೆಂಚಿನಲ್ಲಿ ಕೂತು ಮುಷ್ಟಿ ಬಿಗಿ ಹಿಡಿದಿದ್ದೆ, ಆಮೇಲೆ ನೋಡಿದರೆ ಅಂಗೈಯಲ್ಲಿ ಉಗುರಿನ ಗುರುತಿತ್ತು. ಗೆರೆ ನೇರವಾಗಿ ಬಿತ್ತು. ನೀವು ಅದರ ಮೇಲೆ ಏನು ಬರೆದಿರಿ ಎಂದು ನಾನು ನೋಡಲಿಲ್ಲ.

ರಾತ್ರಿ ಕ್ರಾಂತಿ ಬಂದು ನನ್ನ ಮಂಚದ ಮೇಲೆ ಕೂತಳು. ‘ನನ್ನ ಅಲ್ಲಿ ನಿಲ್ಲಿಸಿಕೊಂಡು ನಿನ್ನ ಕರದ್ರಲ್ಲ ಲೇ’ ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ಅವಳ ಬೆರಳಿನಲ್ಲಿ ಇನ್ನೂ ಚಾಕ್ ಪುಡಿ ಇತ್ತು, ತೊಳೆದಿರಲಿಲ್ಲ.

ನನ್ನ ಪ್ರಶ್ನೆ ಹಾಗೇ ಉಳಿದಿದೆ. ಈ ತಿಂಗಳ ಕೊನೆಯೊಳಗೆ ಹೆಸರು ಕೊಡುವುದೋ ಬೇಡವೋ ಹೇಳಬೇಕು.

ಫಶಾ


ಕೊಟ್ಟೂರು
೧೯ ಡಿಸೆಂಬರ್ ೨೦೨೪

ನನ್ನ ಫಶಾ,

ಮೊದಲು ಉತ್ತರ. ನಿನಗೆ ಬಿಸಿಲು ಇಷ್ಟವಿದ್ದರೆ ಬಿಸಿಲಲ್ಲೇ ನಿಲ್ಲು. ಕಂಪ್ಯೂಟರ್ ಬೇಕು ಅನಿಸಿದರೆ ಮುಂದೆ ಯಾವಾಗಲಾದರೂ ಕಲಿ, ಹೆದರಿ ಕಲಿಯಬೇಡ. ಕೊಟ್ಟೂರಿನವರು ಏನಾದರೂ ಅಂದರೆ ಅವರ ಗಾಡಿಗಳೆಲ್ಲ ನನ್ನ ಅಂಗಡಿಗೇ ಬರಬೇಕು, ನಾನು ಹಿಂದೆ ಬರೆದು ಕಳಿಸುತ್ತೇನೆ. ಅಕ್ಟೋಬರಿನಲ್ಲಿ ಬರೆದದ್ದು ಇದೇ. ಅಲ್ಲಿ ಒಂದೂವರೆ ಸಾಲಿತ್ತು, ಇಲ್ಲಿ ಜಾಗ ಕೊಟ್ಟು ಬರೆದಿದ್ದೇನೆ.

ಇದನ್ನು ಫೋನಿನಲ್ಲಿ ಹೇಳು ಎಂದು ನಿನ್ನ ಅಮ್ಮಿ ಫೋನು ಹಿಡಿದುಕೊಂಡು ನಿಂತಿದ್ದಾಳೆ. ಬರವಣಿಗೆಯಲ್ಲಿ ಕೆಟ್ಟದ್ದನ್ನು ಬರೆದೇ ಸರಿಮಾಡಬೇಕು ಅಂದೆ. ಅಂಚೆಗೆ ಹಾಕುತ್ತಿಲ್ಲ. ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಓಬಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ, ಗೋಂದು ಹಚ್ಚಿಲ್ಲ. ಓಬಣ್ಣ ಓದಿದರೆ ಓದಲಿ. ಓಬಳೇಶ ಮಾತ್ರ ತನ್ನನ್ನು ಬಿಟ್ಟು ಟಪಾಲು ಹೋಯಿತಲ್ಲ ಎಂದು ಸ್ಟೂಲ್ ಬಿಟ್ಟು ಎದ್ದು ಹೋದ.

ದಾರ ಎತ್ತಿ ನಿನ್ನ ಹೆಸರು ಕರೆದದ್ದು ನನಗೆ ನೆನಪಿಲ್ಲ. ನಿನ್ನ ಪತ್ರದ ಆ ಜಾಗವನ್ನು ನಿನ್ನ ಅಮ್ಮಿಗೆ ಓದಿ ಹೇಳಲು ಹೋದೆ, ಆಗಲಿಲ್ಲ. ಅವಳೇ ಕನ್ನಡಕ ಹಾಕಿಕೊಂಡು ಓದಿದಳು.

ಸರ್ ಅವರ ವಿಷಯ. ಅವರ ಬಗ್ಗೆ ಎಷ್ಟೊಂದು ಬರೆದೆ, ನೋಡಿದರೆ ಇನ್ನೂ ಹುಡುಗ, ಅಂಗಿಯ ಕಾಲರ್ ಹರಿದಿದೆ, ಕುರ್ಚಿಯನ್ನು ತಾವೇ ಒರೆಸಿ ಕೊಟ್ಟರು. ಕೆಟ್ಟವರಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು. ಅವರಿಗೊಂದು ಸಲಾಂ ಹೇಳು. ಎರಡು ಹೇಳಬೇಡ.

ರಜೆ ಬಿದ್ದ ಮೇಲೆ ಒಂದು ಭಾನುವಾರ ಕ್ರಾಂತಿಯನ್ನೂ ಅವಳವ್ವ ಕೊಟ್ರಮ್ಮನನ್ನೂ ಕರೆದುಕೊಂಡು ಬಾ. ನಮ್ಮ ಅಂಗಡಿಯ ಬೋರ್ಡು ಮಾಸಿದೆ, ಹೊಸದು ಬರೆಯಬೇಕು. ಕ್ರಾಂತಿ ರಸ್ತೆಯ ಆಚೆ ನಿಂತು ಸರಿ ಇದೆಯೋ ವಾಲಿದೆಯೋ ಹೇಳಲಿ, ದೂರದಿಂದ ನೋಡುವ ಕಣ್ಣು ಅವಳದು. ವಾಲಿದರೆ ದುರ್ಬೀನನ್ನು ಒರೆಸುವುದು ಬೇಡ, ನನ್ನನ್ನೇ ಬೈಯಲಿ. ಗವಿಸಿದ್ದೇಶ್ ಸರ್ ಅವರನ್ನು ಕರೆಯುವುದು ನಿನ್ನಿಷ್ಟ. ಬಂದರೆ ಚಹಾ ಕೊಡುತ್ತೇನೆ. ಸಕ್ಕರೆಯ ವಿಷಯ ಈಗಲೇ ಏನೂ ಹೇಳಲಾರೆ.

ಹಾಳೆಯಲ್ಲಿ ಇನ್ನೂ ಅರ್ಧ ಜಾಗವಿದೆ. ಖಾಲಿ ಬಿಡುತ್ತಿದ್ದೇನೆ.

ಗೋಡೆಯ ಮೊಳೆ ಕಿತ್ತು ಹಾಕಿದ್ದೇನೆ.

ಅಬ್ಬಾ